ಅಂಕಯ್ಯನವರ ಉಮ್ಮತ್ತಿ ಸೊಪ್ಪು

೬ ಫೆಬ್ರವರಿ, ಗುರುವಾರ

ಗುರುವಾರ, ಭಾನುವಾರ ಬಂದರೆ ನನ್ನ ಮನೆಯಿಂದ ನಾನೇ ಹೊರಗೆ ಕಾಲಿಡಲು ಜನರನ್ನು ದಾಟಿಕೊಂಡು ಹೋಗಬೇಕು. ಇವತ್ತು ಹನ್ನೊಂದು ಜನ ಜಗುಲಿ ಮೇಲೆ ಕೂತಿದ್ದರು. ಒಬ್ಬರ ಕಾಲಿಗೆ ಹಳೇ ಬಟ್ಟೆ ಸುತ್ತಿದೆ, ಇನ್ನೊಬ್ಬರ ಕೈಗೆ ಅರಿಶಿನ ಮೆತ್ತಿದೆ, ಒಂದು ಮಗುವಿನ ಕೆನ್ನೆಗೆ ಸುಣ್ಣ. ಎಲ್ಲರೂ ನಾಯಿ ಕಚ್ಚಿಸಿಕೊಂಡವರು. ನಾಯಿ ಕಡಿತಕ್ಕೆ ಸೂಜಿ ಹಾಕುವ ನರ್ಸು ಇದೇ ಮನೆಯಲ್ಲಿದ್ದಾಳೆ, ಅದು ನಾನೇ. ಆದರೆ ಅವರು ಬರುವುದು ಅವಳ ಹತ್ತಿರಕ್ಕಲ್ಲ, ಮುದುಕನ ಹತ್ತಿರಕ್ಕೆ.

ಮುದುಕ ಎಂದರೆ ನನ್ನ ಮಾವ ಅಂಕಯ್ಯ. ಎದುರಿಗೆ ಹಾಗೆ ಕರೆಯಲಾರೆ. ಈ ಪುಸ್ತಕವನ್ನು ಯಾರೂ ಓದುವುದಿಲ್ಲವಾದ್ದರಿಂದ ಇಲ್ಲಾದರೂ ಕರೆಯುತ್ತೇನೆ.

ಹಿತ್ತಿಲಾಚೆಯ ಕಲ್ಲುದಿಬ್ಬದ ಮೇಲೆ ನೀರಿಲ್ಲದೆ, ಗೊಬ್ಬರವಿಲ್ಲದೆ ಬೆಳೆದುಕೊಂಡಿರುವ ಕರಿ ಉಮ್ಮತ್ತಿ ಗಿಡವೇ ಅವರ ಔಷಧಿ ಅಂಗಡಿ. ಮುಳ್ಳು ಕಾಯಿ, ಉದ್ದ ಹೂವು, ಎಲೆ ಮುರಿದರೆ ಕೈಯೆಲ್ಲ ಕೆಟ್ಟ ವಾಸನೆ. ದನ ಕೂಡ ಮೂಸಿ ನೋಡಿ ಮುಂದಕ್ಕೆ ಹೋಗುತ್ತದೆ. ಅದನ್ನು ಅರೆದು ಬೆಲ್ಲದಲ್ಲಿ ಕಲಸಿ, ಹೊತ್ತು ಹುಟ್ಟುವ ಮೊದಲು ಉಂಡೆ ಕೊಡುತ್ತಾರೆ. ಹೀಗೆ ಮೂರು ಸಲ. ಪ್ರತಿ ಸಲವೂ ಮೂರು ದಿನ ಉಪ್ಪಿಲ್ಲದ ಊಟದ ಪಥ್ಯ. ಔಷಧಿಗೆ ಪ್ರತಿಯಾಗಿ ಎಲೆ ಅಡಿಕೆ ಬಿಟ್ಟು ಬೇರೇನನ್ನೂ ಮುದುಕ ಮುಟ್ಟುವುದಿಲ್ಲ, ಆ ಮಾತು ಒಪ್ಪಬೇಕು.

ತಿಂದವರ ಬಾಯಿ ಒಣಗುತ್ತದೆ, ಕಣ್ಣು ಮಂಜಾಗುತ್ತದೆ, ಕೆಲವರು ಹಾಡಹಗಲೇ ಇಲ್ಲದವರ ಜೊತೆ ಮಾತಾಡುತ್ತಾರೆ. ಅದು ಸೊಪ್ಪಿನ ವಿಷ ಎಂದು ನಾನು ಹೇಳುತ್ತೇನೆ. ನಾಯಿಯ ಹುಚ್ಚು ಹೊರಕ್ಕೆ ಬರುತ್ತಿದೆ ಎಂದು ಊರು ಹೇಳುತ್ತದೆ. ಜಾಸ್ತಿ ಹುಚ್ಚಾಡಿದಷ್ಟೂ ಔಷಧಿ ಚೆನ್ನಾಗಿ ಹಿಡಿದಿದೆ ಎಂದು ಮನೆಯವರಿಗೆ ಸಮಾಧಾನ. ಕಚ್ಚಿದ ನಾಯಿಗಳಲ್ಲಿ ಮುಕ್ಕಾಲು ಪಾಲು ಹುಚ್ಚು ನಾಯಿಗಳೇ ಆಗಿರುವುದಿಲ್ಲ. ಕಚ್ಚಿಸಿಕೊಂಡವರು ಹೇಗೂ ಬದುಕುತ್ತಾರೆ, ಹೆಸರು ಸೊಪ್ಪಿಗೆ ಹೋಗುತ್ತದೆ.

ಕೆನ್ನೆಗೆ ಸುಣ್ಣ ಹಚ್ಚಿದ್ದ ಮಗುವಿನ ತಾಯಿಗೆ ಬೈದೆ. ಮುಖಕ್ಕೆ ಕಚ್ಚಿದೆ, ನಿನಗೇನು ತಲೆ ಕೆಟ್ಟಿದೆಯಾ, ಮಗು ಬೇಕೋ ಬೇಡವೋ ಎಂದೆ. ಮಧ್ಯಾಹ್ನ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದಳು, ಸೂಜಿ ಹಾಕಿಸಿದಳು. ಹೋಗುವವರೆಗೂ ನನ್ನ ಮುಖ ನೋಡಲಿಲ್ಲ. ನೋಡದಿದ್ದರೆ ಬೇಡ, ಕೆಲಸ ಆಯಿತಲ್ಲ.

ನನ್ನ ಗಂಡ ಜಯಪ್ರಕಾಶ್‌ಗೆ ಮಂಡ್ಯದ ಹತ್ತಿರ ವಿ.ಸಿ. ಫಾರಂನಲ್ಲಿ ಕೆಲಸ. ದಿನಾ ಅಷ್ಟು ದೂರ ಬೈಕಿನಲ್ಲಿ ಹೋಗಿ ಬರುವ ಬದಲು ಮಂಡ್ಯದಲ್ಲೇ ಮನೆ ಮಾಡೋಣ ಎಂದರೆ "ಅಪ್ಪನ್ನ ಏನ್ ಮಾಡದು?" ಎನ್ನುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿದೆ.

೯ ಫೆಬ್ರವರಿ, ಭಾನುವಾರ

ಎರಡು ಗಂಟೆಗೆ ಡ್ಯೂಟಿ ಮುಗಿಸಿ ಬಂದರೆ ಮುದುಕ ಹಿತ್ತಿಲಲ್ಲಿ ಮಂಚದ ಮೇಲೆ ಕೂತು ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಿದ್ದರು. ಒಂದೊಂದನ್ನೇ ಹಿಡಿದು ತಟ್ಟೆಗೆ ಹಾಕುವುದು, ಮತ್ತೆ ಹಿಡಿಯುವುದು. ತಟ್ಟೆಯಲ್ಲಿ ಏನೂ ಇರಲಿಲ್ಲ. ಸುತ್ತ ಅಕ್ಕಪಕ್ಕದ ಹೆಂಗಸರು ನಿಂತಿದ್ದರು.

"ಹುಚ್ಚು ಈಚ್ಗೆ ಬತ್ತಾ ಅದೆ, ಸುಮ್ನಿರು ನರ್ಸಮ್ಮ" ಎಂದಳು ಒಬ್ಬಳು, ಖುಷಿಯಿಂದ.

ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದಾಗ ಆದದ್ದಂತೆ. ಜೊಲ್ಲು ಸುರಿಸಿಕೊಂಡು ಕೆಂದು ನಾಯಿಯೊಂದು ಕ್ಯಾನುಗಳ ಮಧ್ಯೆ ನುಗ್ಗಿ ಮುದುಕನ ಮೀನಖಂಡಕ್ಕೆ ಬಾಯಿ ಹಾಕಿತು. ಎರಡು ಹಸುಗಳನ್ನೂ ಕಚ್ಚಿತು, ಕಬ್ಬಿನ ಗದ್ದೆ ಹೊಕ್ಕಿತು. ನಾಲೆ ಏರಿ ಮೇಲೆ ಅದನ್ನು ಹೊಡೆದು ಹೂತುಬಿಟ್ಟರು. ಮುದುಕ ಮನೆಗೆ ಬಂದು ತಾನು ಕೊಡುವ ಉಂಡೆಯನ್ನು ತಾನೇ ನುಂಗಿ ಕೂತಿದ್ದಾರೆ. ಗಾಯವನ್ನು ತೊಳೆದೂ ಇಲ್ಲ.

ನಲ್ಲಿ ಕೆಳಗೆ ಕಾಲು ಹಿಡಿದು ಸೋಪು ಹಾಕಿ ಕಾಲು ಗಂಟೆ ತೊಳೆದೆ. ಹಲ್ಲು ಎರಡು ಕಡೆ ಆಳಕ್ಕೆ ಇಳಿದಿದೆ. ಅವರಿಗೆ ನಾನು ಯಾರೆಂದು ತಿಳಿಯಲಿಲ್ಲ. "ಸಾಕು ಬುಡು ಯಶೋದ, ಎಮ್ಮೆಗೂ ನೀರ್ ಮಡಗು" ಎಂದರು. ಅತ್ತೆ ಯಶೋದಮ್ಮ ಹೋಗಿ ಆರು ವರ್ಷವಾಯಿತು, ಎಮ್ಮೆ ಮಾರಿ ಅದಕ್ಕಿಂತ ಹೆಚ್ಚಾಯಿತು. ಕಾಲು ಒರೆಸುತ್ತಿದ್ದಾಗ ನನಗೆ ಅಳು ಬಂತು. ಸುಸ್ತಿಗೆ ಇರಬೇಕು.

ಡಾಕ್ಟರಿಗೆ ಫೋನ್ ಮಾಡಿದೆ. ಗಾಯದ ಸುತ್ತ ಹಾಕುವ ಸೀರಂ ನಮ್ಮಲ್ಲಿಲ್ಲ, ಅಮಲು ಇಳಿದ ಕೂಡಲೇ ಮಳವಳ್ಳಿಗೆ ಕರೆದುಕೊಂಡು ಹೋಗಿ ಎಂದರು.

೧೦ ಫೆಬ್ರವರಿ, ಸೋಮವಾರ

ಬೆಳಿಗ್ಗೆ ಎದ್ದಾಗ ಬುದ್ಧಿ ಸರಿಯಾಗಿತ್ತು. ನಾನು ಜಗಳಕ್ಕೆ ಸಿದ್ಧವಾಗಿಯೇ ಕಾಫಿ ಕೊಟ್ಟೆ. ಸೂಜಿ ಎಂದೊಡನೆ ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ. ಲೋಟ ಕೆಳಗಿಟ್ಟು, "ಆ ನಾಯಿ ಕಣ್ಣ ನೋಡ್ದೆ ಕಣವ್ವ" ಎಂದರು.

ಆಮೇಲೆ ಕರಾರು ಹಾಕಿದರು. ಊರಲ್ಲಿ ಯಾರಿಗೂ ತಿಳಿಯಬಾರದು. "ನಾಕ್ ಜನಕ್ಕೆ ಗೊತ್ತಾದ್ರೆ ನಾನು ಈ ಜಗ್ಲಿ ಮ್ಯಾಲೆ ಕೂತ್ಕಳಕಾದದಾ?"

ಕೂರಬೇಡಿ ಎನ್ನಬೇಕಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಇನ್ನೊಂದು ಜಗಳಕ್ಕೆ ನನ್ನಲ್ಲಿ ಶಕ್ತಿ ಇರಲಿಲ್ಲ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಜಯಪ್ರಕಾಶ್ ಕೂಡ "ಎಂಗೋ ಒಪ್ಕಂಡ್ರಲ್ಲ, ಬುಡು" ಎಂದರು. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದವರಿಗೆಲ್ಲ ಮಳವಳ್ಳಿಗೆ ಕಣ್ಣು ತೋರಿಸಲು ಎಂದೆ. ಉಮ್ಮತ್ತಿಯ ದೆಸೆಯಿಂದ ಕಣ್ಣು ಇನ್ನೂ ಮಂಜಾಗಿತ್ತು, ಎಲ್ಲರೂ ನಂಬಿದರು. ಸೀರಂ ಆಯಿತು, ಮೊದಲನೆಯ ಸೂಜಿಯೂ ಆಯಿತು. ಗಾಯದ ಸುತ್ತ ಚುಚ್ಚುವಾಗ ನನ್ನ ಸೆರಗನ್ನು ಹಿಡಿದುಕೊಂಡಿದ್ದರು. ಅವರಿಗೆ ಅದು ಗೊತ್ತಾಗಲಿಲ್ಲವೇನೋ.

ಇನ್ನು ಮೂರು ಸೂಜಿ. ಹದಿಮೂರಕ್ಕೆ, ಹದಿನೇಳಕ್ಕೆ, ಕೊನೆಯದು ಮಾರ್ಚ್ ಹತ್ತಕ್ಕೆ.

೧೩ ಫೆಬ್ರವರಿ, ಗುರುವಾರ

ಬೆಳಿಗ್ಗೆ ಜಗುಲಿಯಲ್ಲಿ ಒಂಬತ್ತು ಜನಕ್ಕೆ ಉಂಡೆ ಕೊಟ್ಟರು. ಸಂಜೆ ಒಳಮನೆಯಲ್ಲಿ ಬಾಗಿಲು ಹಾಕಿಕೊಂಡು ಎರಡನೇ ಸೂಜಿ ಹಾಕಿಸಿಕೊಂಡರು. ಡಾಕ್ಟರಿಗೆ ಹೇಳಿ ಟಿಫನ್ ಕ್ಯಾರಿಯರಿನಲ್ಲಿ ಐಸ್ ತುಂಬಿ ಸೂಜಿಯ ಔಷಧಿ ತಂದಿದ್ದೆ. ಮೇಲಿನ ಡಬ್ಬಿಯಲ್ಲಿ ಚಿತ್ರಾನ್ನವಿದೆ ಎಂದು ತಿಳಿದು ಮುಚ್ಚಳ ತೆಗೆದು ನೋಡಿದರು. ನಗು ಬಂತು. ಅವರೂ ನಕ್ಕರು.

೧೭ ಫೆಬ್ರವರಿ, ಸೋಮವಾರ

ಮೂರನೆಯದು ಆಯಿತು. ಹತ್ತಿ ಒತ್ತಿ ಹಿಡಿದುಕೊಂಡು ಕೂತಿದ್ದಾಗ ಮಾವ ತಾವಾಗಿಯೇ ಮಾತು ತೆಗೆದರು. ಈ ಔಷಧಿ ಅವರ ತಾಯಿಯಿಂದ ಬಂದದ್ದಂತೆ. ಆಗ ಈ ಕಡೆ ಆಸ್ಪತ್ರೆ ಎನ್ನುವುದೇ ಇರಲಿಲ್ಲ. ಕಚ್ಚಿಸಿಕೊಂಡವರಿಗೆ ಏನಾದರೂ ಕೊಡಬೇಕಿತ್ತು, ಕೊಟ್ಟರು.

"ಎಲ್ರೂ ಬದುಕಿದ್ರಾ ಮಾವ?" ಎಂದು ಕೇಳಿದೆ.

ಹತ್ತಿಯನ್ನು ಎತ್ತಿ ನೋಡಿ ಮತ್ತೆ ಒತ್ತಿಕೊಂಡರು. "ಪೂರಿಗಾಲಿ ಕಡೆ ಒಬ್ಬ ಹೈದ. ನನ್ ಕೈಯಾರೆ ಮೂರು ಉಂಡೆ ಕೊಟ್ಟಿದ್ದೆ. ನೀರು ಕಂಡ್ರೆ ಗೋಡೆ ಅತ್ಕೊಳನು. ನಾಕೇ ದಿನ. ಪಥ್ಯ ಕೆಡಿಸ್ಕಂಡ ಅಂದ್ರು ಜನ. ನಾನೂ ಅಂಗೇ ಅಂದೆ."

"ಕೆಡಿಸಿದ್ನಾ?"

"ಅವರವ್ವ ಉಪ್ಪಿನ್ ಮಡಕೇನೇ ಆಚ್ಗೆ ಮಡಗಿದ್ಲು ಕಣವ್ವ."

ಇಷ್ಟು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಅದೇ ಜಗುಲಿಯ ಮೇಲೆ ಹೇಗೆ ಕೂತರೋ. ಕೇಳೋಣವೆಂದುಕೊಂಡೆ, ಆಗಲಿಲ್ಲ. ಅವರ ಮುಖ ನೋಡಿದರೆ ನನಗಿಂತ ದಣಿದಿದ್ದರು.

೨೦ ಫೆಬ್ರವರಿ, ಗುರುವಾರ

ಇವತ್ತು ಎಣಿಸಲಿಲ್ಲ. ಬೀದಿಯವರೆಗೂ ಜನ, ಮದ್ದೂರಿನಿಂದ ಎರಡು ಕಾರು ಬಂದಿದ್ದವು. ಹುಚ್ಚು ನಾಯಿ ಕಚ್ಚಿದರೂ ಅಂಕಯ್ಯ ತನ್ನ ಸೊಪ್ಪು ತಿಂದು ಬದುಕಿದ್ದಾನೆ, ಮನೆಯಲ್ಲೇ ನರ್ಸಿದ್ದರೂ ಸೂಜಿಯ ತಂಟೆಗೆ ಹೋಗಲಿಲ್ಲ ಎಂಬ ಸುದ್ದಿ ಎಲ್ಲ ಕಡೆ ಹರಡಿದೆ. ಅದಕ್ಕೆ ಸಾಕ್ಷಿ ನಾನೇ! ಆಸ್ಪತ್ರೆಯಲ್ಲಿ ರಿಜಿಸ್ಟರ್ ನೋಡಿದೆ. ಮೊದಲ ಸೂಜಿ ಹಾಕಿಸಿಕೊಂಡವರು ಮುಂದಿನವಕ್ಕೆ ಬಂದಿಲ್ಲ. ಆ ಕೆನ್ನೆಯ ಮಗು ಕೂಡ. ಆ ತಾಯಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಆಶಾ ಕಾರ್ಯಕರ್ತೆಯನ್ನು ಅವರ ಮನೆಗೆ ಕಳಿಸಿ ಕರೆಸಿದೆ. ಈ ಸಲ ಬೈಯಲಿಲ್ಲ, ಬೈಯಲು ನನಗೆ ಮುಖವೆಲ್ಲಿದೆ.

ಆ ತಾಯಿಯೇ ಹೋಗುವಾಗ ಹೇಳಿದಳು. ನಮ್ಮೂರ ಚಿಕ್ಕಬೋರಯ್ಯನ ಹೆಂಡತಿ ಪುಟ್ಟಮಾದಮ್ಮನನ್ನೂ ಅವತ್ತು ಅದೇ ಕೆಂದು ನಾಯಿ ಕಚ್ಚಿದೆಯಂತೆ. ಕಬ್ಬಿನ ಗದ್ದೆಯ ಬದುವಿನಲ್ಲಿ, ಹಿಮ್ಮಡಿಯ ಮೇಲೆ. ಎರಡು ಸಲ ಸೊಪ್ಪು ತಿಂದಿದ್ದಾಳಂತೆ. ಈ ಭಾನುವಾರ ಮೂರನೆಯದು.

ಹನ್ನೊಂದು ದಿನ.

೨೧ ಫೆಬ್ರವರಿ, ಶುಕ್ರವಾರ

ಹೋಗಿದ್ದೆ. ಪುಟ್ಟಮಾದಮ್ಮ ರಾಗಿ ಕೇರುತ್ತಿದ್ದಳು. ಕಾಲಿನ ಗಾಯ ಒಣಗಿದೆ.

"ಯಾಕವ್ವ ಆವತ್ತೇ ಬರಲಿಲ್ಲ?" ಎಂದೆ.

"ನೀವು ಬೈತೀರಿ ಅಂತ." ಮೊರದಿಂದ ತಲೆ ಎತ್ತದೆ ಹೇಳಿದಳು. "ಓದ್ ವರ್ಸ ನಮ್ಮತ್ತೆ ಬಂದಿದ್ದಾಗ ಎಲ್ರ ಮುಂದೆ ಅಂದ್ರಲ್ಲ, ದನಕ್ಕಿರೋ ಬುದ್ಧಿನೂ ನಿಮ್ಗಿಲ್ವಾ ಅಂತ."

ಅಂದಿದ್ದೇನೆ. ನೆನಪಿಲ್ಲ, ಆದರೆ ಅಂದಿರುತ್ತೇನೆ.

ಸೂಜಿ ಈಗಲೂ ಹಾಕಿಸಿಕೊಳ್ಳಬಹುದು, ತಡವಾದರೂ ಹಾಕಬೇಕು ಎಂದು ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದೆ. ಚಿಕ್ಕಬೋರಯ್ಯ ಹೊರಗಿನಿಂದ ಬಂದವನು ನಕ್ಕ. "ನಿಮ್ ಮಾವ್ನೇ ಸೂಜಿ ಇಲ್ದೆ ಗುಂಡುಕಲ್ಲಂಗವ್ರೆ. ಅದೇ ನಾಯಿ ಅಲ್ವಾ? ಇವ್ಳಿಗೆ ಯಾಕೆ ಸೂಜಿ?"

ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಕೊಟ್ಟ ಮಾತು ಅಡ್ಡ ಬಂತು ಎಂದು ಬರೆಯಬಹುದು, ಆದರೆ ಅದು ಪೂರ್ತಿ ನಿಜವಲ್ಲ. ಇಷ್ಟು ದಿನ ಮುಚ್ಚಿಟ್ಟಿದ್ದೀಯಲ್ಲ ಎಂದು ನನ್ನನ್ನೇ ಕೇಳುತ್ತಾರೆ ಎಂಬ ಭಯವೂ ಇತ್ತು. ಯೋಚನೆ ಮಾಡಿ ಎಂದು ಹೇಳಿ ಎದ್ದು ಬಂದೆ. ಅವಳು ಬಾಗಿಲವರೆಗೂ ಬಂದು, ಪಥ್ಯವಾದ್ದರಿಂದ ಮನೆಯಲ್ಲಿ ಉಪ್ಪಿನದೇನೂ ಮಾಡಿಲ್ಲ, ಮಜ್ಜಿಗೆ ಕೂಡ ಕೊಡಲಾಗಲಿಲ್ಲ ಎಂದು ಬೇಸರ ಮಾಡಿಕೊಂಡಳು.

೨೨ ಫೆಬ್ರವರಿ, ಶನಿವಾರ

ಊಟಕ್ಕೆ ಬಡಿಸುತ್ತಾ ಮಾವನಿಗೆ ಎಲ್ಲ ಹೇಳಿದೆ. "ನನ್ ಸೊಪ್ಪು ತಿಂದವ್ಳೆ. ಏನೂ ಆಗಕಿಲ್ಲ" ಎಂದರು.

"ಹಾಗಾದ್ರೆ ನೀವ್ಯಾಕೆ ಸೂಜಿ ಹಾಕಿಸ್ಕಂಡ್ರಿ ಮಾವ?"

ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಜಯಪ್ರಕಾಶ್ ನನ್ನ ಮುಖ ನೋಡಿದರು. ಮುದ್ದೆ ಹಾಗೆಯೇ ಉಳಿಯಿತು.

೨೩ ಫೆಬ್ರವರಿ, ಭಾನುವಾರ

ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ.

ಬೆಳಕು ಹರಿಯುವ ಮೊದಲೇ ಜಗುಲಿ ತುಂಬಿತ್ತು. ಮಾವ ಎಂದಿನಂತೆ ಬಟ್ಟಲು ಹಿಡಿದು ಬಂದು ಕೂತರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಇವರು ಹೇಳದಿದ್ದರೆ ನಾನೇ ಹೇಳಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದೆ, ಆದರೆ ನನ್ನ ಮೇಲೆ ನನಗೇ ಅಷ್ಟು ನಂಬಿಕೆ ಇರಲಿಲ್ಲ. ಮೊದಲ ಸಾಲಿನಲ್ಲೇ ಪುಟ್ಟಮಾದಮ್ಮ, ಪಕ್ಕದಲ್ಲಿ ಅವಳ ಗಂಡ. ಅವಳು ಕೈ ಚಾಚಿದಳು.

"ಕೊಡಿ ಅಂಕಯ್ಯಪ್ಪ, ಒಲದ್ ಕಡೆ ಓಗ್ಬೇಕು."

ಮಾವ ಉಂಡೆ ತೆಗೆದುಕೊಂಡರು. ಬೆರಳಲ್ಲೇ ಹಿಡಿದುಕೊಂಡಿದ್ದರು. ಆಮೇಲೆ ಬಟ್ಟಲಿಗೇ ಹಾಕಿದರು.

"ನಿಂಗೆ ಕೊಡಕಿಲ್ಲ ಕಣವ್ವ."

"ಯಾಕೆ? ನಾನು ಪಥ್ಯ ಕೆಡಿಸಿಲ್ಲ."

"ನಾನು ಸೂಜಿ ಆಕಿಸ್ಕಂಡಿವ್ನಿ. ಮೂರಾಯ್ತು. ಇನ್ನೊಂದದೆ."

ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಚಿಕ್ಕಬೋರಯ್ಯ, "ಸೊಸೆ ಯೋಳ್ಕೊಟ್ಟವ್ಳೆ ಬುಡಿ" ಎಂದು ನಕ್ಕ. ಹಿಂದಿನವರೂ ನಕ್ಕರು. ಮಾವ ಅಂಗಿಯ ಒಳಜೇಬಿಗೆ ಕೈ ಹಾಕಿ ಸೂಜಿಯ ಚೀಟಿ ತೆಗೆದು ಅವನ ಕೈಗಿಟ್ಟರು. "ಓದ್ಲಾ." ಅವನು ಏಳನೇ ಕ್ಲಾಸು ಓದಿದವನು. ತಾರೀಕುಗಳನ್ನು ಗಟ್ಟಿಯಾಗಿ ಓದಿದ. ಹತ್ತು, ಹದಿಮೂರು, ಹದಿನೇಳು. ಓದುತ್ತಾ ಓದುತ್ತಾ ಅವನ ದನಿ ಇಳಿಯಿತು.

ಪುಟ್ಟಮಾದಮ್ಮ ಮಾವನನ್ನೇ ನೋಡುತ್ತಿದ್ದಳು. "ಅದೇ ನಾಯಿ ಅಲ್ವಾ ನನ್ನೂ ಕಚ್ಚಿದ್ದು? ನಿಮ್ಗೆ ಸೂಜಿ, ನಂಗೆ ಸೊಪ್ಪಾ?"

ಜೋರಾಗಿ ಕೇಳಲಿಲ್ಲ. ಮಾವ ತಲೆ ತಗ್ಗಿಸಿದರು. ಆಮೇಲೆ ಅವಳು ಬಾಗಿಲ ಕಡೆ ತಿರುಗಿದಳು. "ನೀವೂ ಮೊನ್ನೆ ಬಂದು ಕೂತಿದ್ರಿ ನರ್ಸಮ್ಮ. ಆಗ್ಲಾದ್ರೂ ಯೋಳ್ಬಾರ್ದಾಗಿತ್ತಾ?"

ಹನ್ನೆರಡು ವರ್ಷದ ಸರ್ವಿಸಿನಲ್ಲಿ ಜನರಿಗೆ ನಾನು ಕೊಡದ ಉತ್ತರವಿಲ್ಲ. ಇವತ್ತು ಸ್ಕೂಟರ್ ಕೀಲಿ ತಂದು, "ಬಾರವ್ವ" ಎಂದಷ್ಟೇ ಹೇಳಿದೆ. ಅವಳು ಗಂಡನ ಮುಖ ನೋಡಿದಳು. ಅವನು ಚೀಟಿಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ. ಬಂದಳು. ಮಳವಳ್ಳಿಯಲ್ಲಿ ಸೀರಂ, ಮೊದಲ ಸೂಜಿ ಎರಡೂ ಆಯಿತು. ಇಷ್ಟು ದಿನದ ಮೇಲೆ ಹಾಕಿದ್ದು ಹಿಡಿಯುತ್ತದೆಯೇ ಎಂದು ಅಲ್ಲಿನ ಡಾಕ್ಟರನ್ನು ಅವಳಿಗೆ ಕೇಳದ ಹಾಗೆ ಕೇಳಿದೆ. ಹಿಡಿಯಬೇಕು, ಕಾಯೋಣ ಎಂದರು.

೨೬ ಫೆಬ್ರವರಿ, ಬುಧವಾರ. ಶಿವರಾತ್ರಿ

ಪುಟ್ಟಮಾದಮ್ಮನಿಗೆ ಎರಡನೇ ಸೂಜಿ. ಉಪವಾಸವಿದ್ದಳು. ಹಾಕಿಸಿಕೊಂಡು ಹಾಗೇ ಎದ್ದು ಹೋದಳು. ಶಿವನಿಗೆ ಏರಿಸಲು ಊರಿನವರು ನಮ್ಮ ದಿಬ್ಬದಲ್ಲಿ ಉಮ್ಮತ್ತಿ ಹೂವು ಕಿತ್ತುಕೊಂಡು ಹೋದರು. ಮಾವನನ್ನು ಯಾರೂ ಮಾತಾಡಿಸಲಿಲ್ಲ.

೨೭ ಫೆಬ್ರವರಿ, ಗುರುವಾರ

ಜಗುಲಿಗೆ ನಾಲ್ಕು ಜನ ಬಂದಿದ್ದರು, ಸುದ್ದಿ ಮುಟ್ಟದ ದೂರದವರು. ಮಾವ ಒಬ್ಬೊಬ್ಬರಿಗೂ ಆಸ್ಪತ್ರೆಯ ದಾರಿ ತೋರಿಸಿದರು. ಇಬ್ಬರು ನನ್ನ ಹತ್ತಿರ ಬಂದರು. ಇನ್ನಿಬ್ಬರು ನಾಲೆಯಾಚೆಯ ಊರಿನಲ್ಲಿ ಇನ್ಯಾರೋ ಕೊಡುತ್ತಾರಂತೆ ಎಂದು ಅತ್ತ ಹೋದರು. ಎಲ್ಲರ ಹಿಂದೆ ಎಷ್ಟೆಂದು ಓಡುವುದು.

೫ ಮಾರ್ಚ್, ಬುಧವಾರ

ಭಾನುವಾರ ಮೂರನೆಯದೂ ಆಗಿತ್ತು. ಇವತ್ತು ಹನ್ನೊಂದು ಗಂಟೆಗೆ ಚಿಕ್ಕಬೋರಯ್ಯ ಫೋನ್ ಮಾಡಿ, "ಜರ ಬಂದದೆ, ನೀರು ಬ್ಯಾಡ ಅಂತಾವ್ಳೆ" ಎಂದ. ಸ್ಕೂಟರ್ ಹೇಗೆ ಓಡಿಸಿದೆನೋ ನೆನಪಿಲ್ಲ. ದಾರಿಯುದ್ದಕ್ಕೂ ಮಾವ ಹೇಳಿದ ಆ ಹುಡುಗನೇ ಕಣ್ಣ ಮುಂದೆ.

ನನಗಿಂತ ಮೊದಲೇ ಮಾವ ಅಲ್ಲಿದ್ದರು. ಅವಳ ಹಟ್ಟಿಯ ಬಾಗಿಲಲ್ಲಿ, ಹೊಸಲಿನ ಹೊರಗೆ, ನೆಲದ ಮೇಲೆ ಕೂತಿದ್ದರು. ಒಳಗೆ ಹೋಗಲು ಧೈರ್ಯವಾಗಿಲ್ಲ. ನಾನು ಚೊಂಬಿನಲ್ಲಿ ನೀರು ಹಿಡಿದು ಅವಳ ಮುಂದೆ ಕೂತೆ. "ಸ್ವಲ್ಪ ಕುಡಿಯವ್ವ" ಎಂದೆ. ಅವಳು ನನ್ನನ್ನೂ ಚೊಂಬನ್ನೂ ನೋಡಿದಳು. ನಾನು ಏನನ್ನು ನೋಡಲು ಬಂದಿದ್ದೇನೆಂದು ಅವಳಿಗೆ ಗೊತ್ತಾಯಿತು. ಚೊಂಬು ಕಿತ್ತುಕೊಂಡು ಗಟಗಟ ಪೂರ್ತಿ ಕುಡಿದು ನೆಲಕ್ಕೆ ಕುಕ್ಕಿದಳು.

"ಬಾಯಿ ಕಹಿಯಾಗದೆ ಅಂತ ಬ್ಯಾಡ ಅಂದಿದ್ದು. ಸಾಯಕೆ ಅಲ್ಲ."

ಬಿಸಿಲಲ್ಲಿ ಕಳೆ ಕಿತ್ತು ಬಂದ ಜ್ವರ. ಮಾತ್ರೆ ಕೊಟ್ಟು ಹೊರಗೆ ಬಂದೆ. ಮಾವನಿಗೆ "ಕುಡಿದಳು" ಎಂದೆ. ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಅವರನ್ನು ಎಬ್ಬಿಸಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದೆ.

೧೦ ಮಾರ್ಚ್, ಸೋಮವಾರ

ಮಾವನ ಕೊನೆಯ ಸೂಜಿ. ಟಿಫನ್ ಕ್ಯಾರಿಯರ್ ಬೇಡ ಎಂದರು. ಬಸ್ಸಿನಲ್ಲಿ ಬಂದು ಚೀಟಿ ಮಾಡಿಸಿ ಎಲ್ಲರಂತೆ ಸಾಲಿನಲ್ಲಿ ನಿಂತರು. ಮುಂದೆ ಹೋಗಿ ಎಂದರೆ ಹೋಗಲಿಲ್ಲ. ಯಾರೋ "ಏನ್ ಅಂಕಯ್ಯಣ್ಣ, ಸೊಪ್ಪು ಕಾಲಿಯಾಯ್ತಾ?" ಎಂದು ಕುಟುಕಿದರು. "ನಂಬ್ಕೆ ಕಾಲಿಯಾಯ್ತು ಕಣ್ಲಾ" ಎಂದರು. ಬಿಸಿಲಿತ್ತು, ಅವರಿಗೆ ಕುರ್ಚಿ ಹಾಕಿಸಿದೆ.

೨೩ ಮಾರ್ಚ್, ಭಾನುವಾರ

ಪುಟ್ಟಮಾದಮ್ಮನ ಕೊನೆಯ ಸೂಜಿ. ನಡೆದೇ ಬಂದಳು. ಎರಡೂ ತೋಳಿಗೆ ಹಾಕಿ ಅರ್ಧ ಗಂಟೆ ಕೂತಿರು ಎಂದೆ.

"ಇನ್ ಸಾಯಕಿಲ್ವಾ ನಾನು?" ಎಂದಳು.

"ಈ ನಾಯಿಯಿಂದ ಸಾಯಲ್ಲ ಅಂದ್ಕಂಡಿದ್ದೀನಿ. ಇನ್ನೂ ಸ್ವಲ್ಪ ದಿನ ಹುಷಾರಾಗಿರು. ಏನಾದ್ರೂ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ಫೋನ್ ಮಾಡು." ಸುಳ್ಳು ಧೈರ್ಯ ಹೇಳಲು ಮನಸ್ಸಾಗಲಿಲ್ಲ. ತಲೆಯಾಡಿಸಿದಳು.

ಅವಳು ಬೆಂಚಿನ ಮೇಲೆ ಕೂತಿದ್ದಾಗ ನಾನು ತಿಂಗಳ ವರದಿ ತುಂಬಲು ಕೂತೆ. ಕಚ್ಚಿದ ದಿನ, ಮೊದಲ ಸೂಜಿಯ ದಿನ, ತಡವಾಗಿದ್ದರೆ ಕಾರಣ. ಈ ಕೊನೆಯ ಮನೆಯಲ್ಲಿ ನಾಟಿ ಔಷಧಿ ಎಂದು ಬರೆದು ಬರೆದು ನನ್ನ ಕೈಗೆ ರೂಢಿಯಾಗಿದೆ. ಅವಳ ಹೆಸರಿನ ಮುಂದೆ ಒಂಬತ್ತು ಫೆಬ್ರವರಿ, ಇಪ್ಪತ್ತಮೂರು ಫೆಬ್ರವರಿ ಎಂದು ಬರೆದೆ. ನಾಟಿ ಔಷಧಿ ಎಂದು ಬರೆಯಲು ಕೈ ಬರಲಿಲ್ಲ.

"ಏನು ಅಷ್ಟೊತ್ತಿಂದ ನೋಡ್ತಿದ್ದೀರಿ? ನನ್ದಾ ಅದು? ಏನ್ ಬರ್ಕಂಡ್ರಿ?"

ಬರೆದೆ. ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. "ತಡವಾದ ಕಾರಣ: ನರ್ಸ್ ಗೊತ್ತಿದ್ದೂ ನಿಜ ಹೇಳಲಿಲ್ಲ. ಬೈಯುತ್ತಾಳೆಂದು ರೋಗಿ ಬರಲಿಲ್ಲ."

ಪುಟ್ಟಮಾದಮ್ಮ ತೋಳು ಉಜ್ಜಿಕೊಂಡಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದಳು.

"ನಮ್ ನಾದಿನಿ ಪಟ್ಟಲಮ್ಮಂಗೆ ಮೊನ್ನೆ ನಾಯಿ ಕಚ್ಚದೆ. ಅಟ್ಟ ಅತ್ತಿ ಕೂತವ್ಳೆ, ಬರಕಿಲ್ಲ ಅಂತ. ನೀವು ಬೈಯಲ್ಲ ಅಂದ್ರೆ ಕರ್ಕಬತ್ತೀನಿ."

ಬೈಯಲ್ಲ ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ, ಆದರೂ ಹೋದಳು. ಡ್ಯೂಟಿ ಎರಡಕ್ಕೇ ಮುಗಿದಿತ್ತು, ಆದರೂ ಕಾದು ಕೂತೆ. ಮೂರೂವರೆಗೆ ಇಬ್ಬರೂ ಬಂದರು.